ಮೂವತ್ತು ಯುವಕರು ಬೇಕಾಗಿದ್ದಾರೆ

ಏಪ್ರಿಲ್ ಕೊನೆಯ ವಾರ ದಾವಣಗೆರೆಯ ನಮ್ಮ ಮನೆಗೆ ಒಂದು ಲ್ಯಾಪ್‌ಟಾಪ್ ಚೀಲ, ಸಂಸ್ಥೆಯ ಹೆಸರಿದ್ದ ಎರಡು ಟೀ ಶರ್ಟು, ಸುರುಳಿ ಸುತ್ತಿದ ಒಂದು ಫ್ಲೆಕ್ಸು ಬಂದಿಳಿದವು. ಅವುಗಳ ಹಿಂದೆ ನನ್ನ ತಂಗಿಯ ಮಗನೂ ಬಂದ. ಬೆಂಗಳೂರಿನಲ್ಲಿ ಎಂಎಸ್‌ಡಬ್ಲ್ಯೂ ಓದುತ್ತಾನೆ. ಪ್ರತಿ ವರ್ಷ ಬೇಸಿಗೆ ರಜೆಗೆ ಬರುತ್ತಿದ್ದವನು ಈ ಸಲ ಬೇಸಿಗೆ ಇಂಟರ್ನ್‌ಶಿಪ್ಪಿಗೆ ಬಂದಿದ್ದ. ರಜೆಗೆ ಬಂದಾಗಲಾದರೆ ಅವನಿಗೆ ಏನಾದರೂ ಕೆಲಸ ಹೇಳಬಹುದಿತ್ತು.

"ಎರಡು ತಿಂಗಳು, ನಾಲ್ಕು ತಾಲ್ಲೂಕು ಮಾವ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಸಮುದಾಯ ಯುವ ಕಾರ್ಯಕ್ರಮ."

"ಏನು ಮಾಡ್ತೀಯಪ್ಪ ಅಲ್ಲಿ?"

"ಸಬಲೀಕರಣ."

"ನಿನಗೆ ತಿಂಗಳಿಗೆ ಎಷ್ಟು ಕೊಡ್ತಾರೆ?"

ಅವನು ಕುಡಿಯಲು ನೀರು ಕೇಳಿದ.

ಸಂಸ್ಥೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಸಂಸ್ಥೆಗಳವರೆಲ್ಲ 'ಸದ್ಯ, ನಮ್ಮದಲ್ಲ' ಎಂದು ನಿಟ್ಟುಸಿರು ಬಿಟ್ಟುಬಿಡುತ್ತಾರೆ, ಆ ಸುಖ ಅವರಿಗೆ ಯಾಕೆ? ಲೆಕ್ಕ ಮಾತ್ರ ಹೇಳುತ್ತೇನೆ. ತಾಲ್ಲೂಕಿಗೆ ಆರು ಕಾರ್ಯಕ್ರಮ, ಒಂದೊಂದಕ್ಕೂ ಕನಿಷ್ಠ 30 ಯುವಜನ. ಅಂದರೆ ಜೂನ್ ಮುಗಿಯುವುದರೊಳಗೆ 720 ಮಂದಿ ಸಬಲರಾಗಬೇಕು. ತಲೆಗೊಂದು ಸಹಿ, ಸಹಿಗೊಂದು ಮೊಬೈಲ್ ನಂಬರು, ತರಬೇತಿಗೆ ಮುಂಚೆ ಒಂದು ಪ್ರಶ್ನಾವಳಿ, ತರಬೇತಿಯಾದ ಮೇಲೆ ಅದೇ ಪ್ರಶ್ನಾವಳಿ. ಜೊತೆಗೆ ಅಕ್ಷಾಂಶ, ರೇಖಾಂಶ, ತಾರೀಕು, ಗಂಟೆ ಎಲ್ಲ ಅಚ್ಚಾಗಿ ಬರುವ ಜಿಯೋ ಟ್ಯಾಗ್ ಫೋಟೊ. ಉಪ್ಪಿಟ್ಟು ಮತ್ತು ಕೇಸರಿಬಾತಿಗೆ ತಲೆಗಿಷ್ಟು ಎಂದು ಬಜೆಟ್ಟಿತ್ತು. ಊಟ ಬಡಿಸುವವನಿಗೂ ಕೂಲಿಯಿತ್ತು. ತರಬೇತಿ ಕೊಡುವವನಿಗೆ ಪ್ರಮಾಣಪತ್ರ.

ಯುವಕರ ಪುಕ್ಕಟೆ ಬೆವರನ್ನು ಕಂಡರೆ ನಮ್ಮ ದೇಶಕ್ಕೆ ಮೊದಲಿಂದಲೂ ಒಂದು ಭಕ್ತಿ. ಗಾಂಧಿ ಶತಮಾನೋತ್ಸವದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ, 40 ಸಾವಿರ ವಿದ್ಯಾರ್ಥಿಗಳೊಂದಿಗೆ ಎನ್ನೆಸ್ಸೆಸ್ ಶುರುವಾಯಿತು. ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ಶಿಬಿರ. ನಾನೂ ಮಾಡಿದವನೇ. ಹಳ್ಳಿಯ ಶಾಲೆಯಲ್ಲಿ ಮಲಗಿ, ಹಗಲು ಇಂಗುಗುಂಡಿ ತೋಡಿ, ರಾತ್ರಿ ನಾಟಕ ಆಡಿ ಬಂದೆವು. ಮರುವರ್ಷದ ತಂಡ ಅದೇ ಗುಂಡಿಯನ್ನು ಮತ್ತೆ ತೋಡಿತಂತೆ. ಎನ್ನೆಸ್ಸೆಸ್ಸಿನ ಧ್ಯೇಯವಾಕ್ಯ 'ನನಗಲ್ಲ, ನಿನಗೆ'. ಅದು ಸಂಬಳದ ಬಗ್ಗೆ ಹೇಳಿದ ಮಾತೆಂದು ಆಗ ನನಗೆ ಹೊಳೆದಿರಲಿಲ್ಲ.

2018ರಲ್ಲಿ ಕೇಂದ್ರ ಸರ್ಕಾರ 'ಸ್ವಚ್ಛ ಭಾರತ ಬೇಸಿಗೆ ಇಂಟರ್ನ್‌ಶಿಪ್' ತಂದಿತು. ಮೇ 1ರಿಂದ ಜುಲೈ 31ರೊಳಗೆ ಹಳ್ಳಿಯಲ್ಲಿ 100 ಗಂಟೆ ಸ್ವಚ್ಛತೆಯ ಕೆಲಸ ಮಾಡಿದರೆ ಪ್ರಮಾಣಪತ್ರ, ಮೇಲೆ ಎರಡು ಕ್ರೆಡಿಟ್ಟು. ಮರುವರ್ಷ ಆ 100 ಗಂಟೆ 50ಕ್ಕೆ ಇಳಿಯಿತು. ಕಸ ಅರ್ಧವಾಗಿತ್ತೋ ಉತ್ಸಾಹ ಅರ್ಧವಾಗಿತ್ತೋ, ನಮ್ಮೂರ ಚರಂಡಿಯನ್ನು ನೋಡಿ ನೀವೇ ತೀರ್ಮಾನಿಸಿ.

ಪಕ್ಕದ ಶಿವಮೊಗ್ಗದಲ್ಲಿ 2024ರ ಜನವರಿ 12ರಂದು, ವಿವೇಕಾನಂದರ ಜಯಂತಿಯ ದಿನ, ರಾಜ್ಯ ಸರ್ಕಾರ ಯುವನಿಧಿಗೆ ಚಾಲನೆ ಕೊಟ್ಟಿತು. ಓದು ಮುಗಿಸಿದ ನಿರುದ್ಯೋಗಿ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾದವನಿಗೆ 1,500, ಎರಡು ವರ್ಷದವರೆಗೆ. ನನಗೆ ಇನ್ನೂ ಕೆಲಸ ಸಿಕ್ಕಿಲ್ಲ ಎಂದು ಸ್ವಯಂ ಘೋಷಣೆ ಕೊಡಬೇಕು. ಕೆಲಸವಿಲ್ಲ ಎಂದು ಘೋಷಿಸಿದರೆ ಮೂರು ಸಾವಿರ, ಕೆಲಸ ಮಾಡುತ್ತಿದ್ದೇನೆ ಎಂದು ಘೋಷಿಸಿದರೆ ಲ್ಯಾಮಿನೇಷನ್ ಮಾಡಿಸಿದ ಕಾಗದ. ನನ್ನ ತಂಗಿಯ ಮಗ ಸಮಾಜ ಸೇವೆ ಓದುವ ಬದಲು ಸ್ವಲ್ಪ ಲೆಕ್ಕ ಓದಿದ್ದರೆ ಚೆನ್ನಾಗಿತ್ತು.

ಮೊದಲು ಚನ್ನಗಿರಿ. ಹಳ್ಳಿಯೊಂದರ ಸಮುದಾಯ ಭವನದಲ್ಲಿ 'ಜೀವನ ಕೌಶಲ' ಕುರಿತು ತರಬೇತಿ. ವಿಶ್ವ ಆರೋಗ್ಯ ಸಂಸ್ಥೆ ಜೀವನ ಕೌಶಲಗಳು ಹತ್ತು ಎಂದು ಪಟ್ಟಿ ಮಾಡಿದೆ. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವು ತಿಳಿಯುವುದು, ನಿರ್ಧಾರ ಕೈಗೊಳ್ಳುವುದು, ಸಮಸ್ಯೆ ಬಿಡಿಸುವುದು, ಒತ್ತಡ ನಿಭಾಯಿಸುವುದು, ಹೀಗೆ. ಹುಡುಗ ಹತ್ತಕ್ಕೂ ಒಂದೊಂದು ಬಣ್ಣದ ಸ್ಲೈಡು ಮಾಡಿಕೊಂಡಿದ್ದ. ಹನ್ನೊಂದು ಮಂದಿ ಬಂದಿದ್ದರು. 'ಸಮಸ್ಯೆ ಬಿಡಿಸುವುದು' ಸ್ಲೈಡು ಗೋಡೆಯ ಮೇಲೆ ಬಿದ್ದ ಹೊತ್ತಿಗೆ ಯಾರದೋ ಮೊಬೈಲು ಕುಯ್ಯೆಂದಿತು. ತ್ರೀಫೇಸ್ ಬಂದಿತ್ತು. ಹನ್ನೊಂದು ಮಂದಿಯೂ ಒಟ್ಟಿಗೆ ಎದ್ದರು. ಒಬ್ಬ ಬಾಗಿಲಲ್ಲಿ ನಿಂತು, "ಸರ್, ನೀವು ಹೇಳ್ತಾ ಇರಿ, ವಾಲ್ ತಿರುಗಿಸಿ ಬಂದ್ಬಿಡ್ತೀನಿ" ಎಂದು ಸಮಾಧಾನ ಹೇಳಿ ಹೋದ.

ಇವರು 2024ರ ಬೇಸಿಗೆ ಕಂಡ ಹುಡುಗರು. ಬೋರು ಬತ್ತಿ ಅಡಿಕೆ ಮರದ ಸುಳಿ ಒಣಗುವಾಗ ಊರೂರು ಅಲೆದು ಟ್ಯಾಂಕರ್ ನೀರು ತಂದು ಬುಡಕ್ಕೆ ಹೊಡೆದವರು. ಆಗ ರಾಶಿ ಅಡಿಕೆ ಕ್ವಿಂಟಲಿಗೆ ಅರ್ಧ ಲಕ್ಷ ಅಂತ ಪೇಪರಿನಲ್ಲಿ ಬರುತ್ತಿತ್ತು. ಟ್ಯಾಂಕರಿಗೆ ಎಷ್ಟು, ಬೋರಿಗೆ ಎಷ್ಟು, ಚೇಣಿ ಹಿಡಿದವನಿಗೆ ಎಷ್ಟು ಎನ್ನುವುದು ಬರುತ್ತಿರಲಿಲ್ಲ. ಒತ್ತಡ ನಿಭಾಯಿಸಲು ಕಣ್ಣು ಮುಚ್ಚಿ ಐದು ಸಲ ದೀರ್ಘ ಉಸಿರಾಡಿ ಎಂದು ಇವರಿಗೆ ಹೇಳಿಕೊಡಲು ಬೆಂಗಳೂರಿನಿಂದ ಒಬ್ಬ ಬಂದ. ಅವನೇ ರಾತ್ರಿ ನಮ್ಮ ಮನೆಯಲ್ಲಿ ಹತ್ತೊಂಬತ್ತು ಸಹಿ ಕಡಿಮೆ ಬಿದ್ದಿವೆಯೆಂದು ನಿದ್ದೆಗೆಟ್ಟು ಕೂತಿದ್ದ. ನಾನು ಐದು ಸಲ ಉಸಿರಾಡು ಎಂದೆ. ಅವನಿಗೆ ಅದು ತಮಾಷೆಯಾಗಿ ಕಾಣಲಿಲ್ಲ.

ಚನ್ನಗಿರಿಯ ಎರಡನೇ ಕಾರ್ಯಕ್ರಮ ಸೂಳೆಕೆರೆಯ ಏರಿಯ ಮೇಲೆ ಶ್ರಮದಾನ. ಸುಮಾರು 6,550 ಎಕರೆ ನೀರು. ಅರಸನ ಮಗಳು ಶಾಂತವ್ವ ಕಟ್ಟಿಸಿದಳೆಂದು ಕತೆ. ಹೆಸರು ಹೇಳಲು ನಾಚುವವರಿಗಾಗಿ ಶಾಂತಿಸಾಗರ ಎಂದು ಇನ್ನೊಂದು ಹೆಸರೂ ಇದೆ. ಹೆಸರು ತಿದ್ದುವುದು ಹೂಳು ತೆಗೆಯುವುದಕ್ಕಿಂತ ಸುಲಭ, ಟೆಂಡರೂ ಬೇಕಿಲ್ಲ. ಯುವಜನರ ಇಲಾಖೆಗಳಿಗೂ ಈ ವಿದ್ಯೆ ಚೆನ್ನಾಗಿ ಗೊತ್ತು. 1972ರಲ್ಲಿ ನೆಹರು ಯುವ ಕೇಂದ್ರಗಳು ಬಂದವು, ಊರೂರಿಗೆ ಯುವಕ ಸಂಘ, ಯುವತಿ ಮಂಡಳಿ ಆದವು. 2023ರ ಅಕ್ಟೋಬರ್ 31ರಂದು 'ಮೇರಾ ಯುವ ಭಾರತ್' ಬಂತು. ಯುವಕ ಸಂಘಕ್ಕೆಂದು ಹಿಂದೊಮ್ಮೆ ಬಂದ ಕೇರಂ ಬೋರ್ಡು ಮಾತ್ರ ಈಗಲೂ ಅಧ್ಯಕ್ಷರ ಮನೆಯ ಮಾಳಿಗೆಯ ಮೇಲಿದೆ, ಅದರ ಮೇಲೆ ಅವರು ಹಪ್ಪಳ ಒಣಗಿಸುತ್ತಾರೆ. ಅಂದು ಏರಿಯ ಮೇಲೆ ಇಪ್ಪತ್ತು ಅಡಿ ಜಾಗದಲ್ಲಿದ್ದ ನೀರಿನ ಬಾಟಲಿ ಆರಿಸಿದರು, ಫೋಟೊ ಚೆನ್ನಾಗಿ ಬಂತು. ಬಾಯಾರಿದವರಿಗೆ ಸಂಸ್ಥೆಯ ಖರ್ಚಿನಲ್ಲಿ ನೀರಿನ ಬಾಟಲಿ ಹಂಚಿದರು.

ಇಲ್ಲಿ ಒಂದು ಮಾತು. ಯುವಕ ಅಂದರೆ ಯಾರು? 2003ರ ರಾಷ್ಟ್ರೀಯ ಯುವ ನೀತಿ 13ರಿಂದ 35 ವರ್ಷದವರು ಎಂದಿತ್ತು. 2014ರ ನೀತಿ 15ರಿಂದ 29 ಎಂದಿತು. ಮೂವತ್ತು ದಾಟಿದ ಲಕ್ಷಾಂತರ ಜನ ರಾತ್ರಿ ಯುವಕರಾಗಿ ಮಲಗಿ ಬೆಳಿಗ್ಗೆ ಹಿರಿಯ ನಾಗರಿಕರ ಸಾಲಿನ ಕಡೆ ಮುಖ ಮಾಡಿ ಎದ್ದರು. ನಮ್ಮ ಫ್ಲೆಕ್ಸುಗಳಿಗೆ ಮಾತ್ರ ಇದ್ಯಾವುದೂ ತಾಗಿಲ್ಲ. ಹುಡುಗನ ಹೊನ್ನಾಳಿ ಕಾರ್ಯಕ್ರಮ ಉದ್ಘಾಟಿಸಲು ಬಂದ 'ಯುವ ಮುಖಂಡ'ರು ಮಂಡಿ ನೋವಿನಿಂದ ವೇದಿಕೆ ಹತ್ತಲಾರದೆ ಕೆಳಗಿನಿಂದಲೇ ದೀಪ ಹಚ್ಚಿದರು. ಭಾಷಣದಲ್ಲಿ ಈಗಿನ ಹುಡುಗರಿಗೆ ಮೊಬೈಲ್ ಹುಚ್ಚು ಎಂದರು. ನಡುವೆ ಮೂರು ಸಲ ಫೋನ್ ಎತ್ತಿದರು.

ಹೊನ್ನಾಳಿಯಲ್ಲಿ ವಿಷಯ 'ನಾಯಕತ್ವ ಮತ್ತು ತಂಡ ಕಟ್ಟುವುದು'. ಹುಡುಗರನ್ನು ಗುಂಪು ಮಾಡಿ, ಕೈಗೆ ಹಳೇ ಪೇಪರು ಕೊಟ್ಟು, ಯಾರ ಗೋಪುರ ಎತ್ತರ ನೋಡೋಣ ಎಂದು ಆಟ. ಆಡುತ್ತ ಕೂತವರಲ್ಲಿ ಆರು ಮಂದಿ ಒಂದು ಹೋರಿಯ ಬಳಗದವರು. ಹೊನ್ನಾಳಿ, ನ್ಯಾಮತಿ, ಶಿಕಾರಿಪುರದಿಂದ ಹಾವೇರಿಯ ತನಕ ದೀಪಾವಳಿ ಕಳೆದರೆ ಹೋರಿ ಬೆದರಿಸುವ ಹಬ್ಬದ ಕಾಲ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು, ಮೈಗೆ ಜೂಲ. ಒಂದೊಂದು ಹೋರಿಗೂ ಸಿನಿಮಾ ನಟರಿಗಿರುವಂಥ ಬಿರುದು, ಅಭಿಮಾನಿ ಬಳಗ, ಒಂದೇ ಬಣ್ಣದ ಬನಿಯನ್ನು. ಅಖಾಡಕ್ಕೆ ಬೇಲಿ, ಸಾವಿರಾರು ಜನರಿಗೆ ನೀರು, ಗಾಯವಾದವರಿಗೆ ಆಂಬುಲೆನ್ಸು, ಪೊಲೀಸರ ಅನುಮತಿ, ಬಹುಮಾನದ ಬೈಕಿಗೆ ಚಂದಾ. ಎಲ್ಲ ಇವರದೇ. ಮಾಡ್ಯೂಲ್ ಇಲ್ಲ, ಸಂಯೋಜಕರಿಲ್ಲ. ಹೋರಿ ಹಬ್ಬವನ್ನು ನಾನು ಹೊಗಳುತ್ತಿಲ್ಲ. ಅಲ್ಲಿ ಪ್ರಾಣ ಹೋಗುವುದಿದೆ, ಹೋರಿಗೂ ಅದರಿಂದ ಸುಖವಿಲ್ಲ. ಆದರೆ ಅರ್ಧ ಟನ್ ತೂಕದ ಪ್ರಾಣಿಯ ಮುಂದೆ ಹತ್ತು ಸಾವಿರ ಜನರನ್ನು ಸಂಭಾಳಿಸಿದವರಿಗೆ ನಾಯಕತ್ವ ಬರಲಿ ಎಂದು ಪೇಪರು ಮಡಚಲು ಕೊಟ್ಟಿದ್ದು ನನಗೆ ಇನ್ನೂ ಅರಗಿಲ್ಲ.

ಅವರೇನೋ ಮಡಚಿದರು. ಪಾಪದ ಹುಡುಗರು, ಬಂದವರ ಮನಸ್ಸು ನೋಯಿಸಬಾರದೆಂಬ ಸಂಸ್ಕಾರ. ತರಬೇತಿಯ ನಂತರದ ಪ್ರಶ್ನಾವಳಿಯಲ್ಲಿ 'ನಿಮ್ಮ ನಾಯಕತ್ವ ಎಷ್ಟು ಹೆಚ್ಚಿತು?' ಎಂಬುದಕ್ಕೆ ಆರೂ ಮಂದಿ 'ಬಹಳ' ಎಂದು ಗುರುತು ಹಾಕಿದ್ದರು. ಆರನೆಯವನು ತರಬೇತಿಗೆ ಮುಂಚಿನ ಹಾಳೆಯಲ್ಲೂ 'ಬಹಳ' ಎಂದೇ ಹಾಕಿಬಿಟ್ಟಿದ್ದರಿಂದ ಅವನಲ್ಲಿ ಪರಿಣಾಮ ಶೂನ್ಯವೆಂದು ಬಂತು. ಸಂಸ್ಥೆಯ ಸಂಯೋಜಕರು ಫೋನು ಮಾಡಿ, "ಆ ಹಾಳೆ ತೆಗೆದುಬಿಡಿ" ಎಂದರು.

ನ್ಯಾಮತಿಗೆ ಬರೋಣ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದು ವರದಿ ಕೊಟ್ಟಾಗ ನ್ಯಾಮತಿ ಇನ್ನೂ ಹೊನ್ನಾಳಿಯ ಹೊಟ್ಟೆಯಲ್ಲಿತ್ತು. ಸ್ವಂತ ಹೆಸರಿನಲ್ಲಿ ಹಿಂದುಳಿಯುವ ಭಾಗ್ಯವೂ ಅದಕ್ಕೆ ಇರಲಿಲ್ಲ. ಈಗ ತಾಲ್ಲೂಕು ಕೇಂದ್ರ, ತಹಶೀಲ್ದಾರರಿದ್ದಾರೆ, ಯುವ ಕಾರ್ಯಕ್ರಮಕ್ಕೆ ಪ್ರತ್ಯೇಕ ಗುರಿಯೂ ಇದೆ. ಇಲ್ಲಿನ ವಿಷಯ 'ಸ್ವಯಂ ಉದ್ಯೋಗ ಮತ್ತು ಬ್ಯಾಂಕ್ ಸಾಲ'. ಮಾಡ್ಯೂಲ್ ಬರೆದವರು ನ್ಯಾಮತಿಯನ್ನು ಕಂಡವರಲ್ಲ. ಹುಡುಗ ಸ್ಲೈಡಿನಲ್ಲಿದ್ದ ಪ್ರಶ್ನೆಯನ್ನು ಹಾಗೇ ಓದಿದ: "ಬ್ಯಾಂಕಿನವರು ನಿಮ್ಮ ಸಾಲದ ಅರ್ಜಿ ತಿರಸ್ಕರಿಸಿದರೆ ನೀವೇನು ಮಾಡುತ್ತೀರಿ?"

ಕೊಠಡಿ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಮೂಲೆಯಿಂದ ಒಬ್ಬ ಕಿಸಕ್ಕೆಂದ. ಅಷ್ಟೇ, ಬೆಂಚು ಬಡಿದುಕೊಂಡು ಇಡೀ ಕೊಠಡಿ ನಕ್ಕಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. 2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17 ಕಿಲೋಗೂ ಹೆಚ್ಚು ಅಡವಿನ ಚಿನ್ನ ಕಳುವಾಯಿತು. ಐದು ತಿಂಗಳ ಮೇಲೆ, 2025ರ ಮಾರ್ಚಿನಲ್ಲಿ, ಪೊಲೀಸರು ತಮಿಳುನಾಡಿನ ಮಧುರೈ ಕಡೆಯ ಒಂದು ಬಾವಿಯಿಂದ ಅದರ ಬಹುಪಾಲನ್ನು ಎತ್ತಿಸಿದರು. ಪೊಲೀಸರು ಹೇಳಿದ ಪ್ರಕಾರ, ಮುಖ್ಯ ಆರೋಪಿ ಊರಿನಲ್ಲಿ ಸಿಹಿತಿಂಡಿ ವ್ಯಾಪಾರ ಮಾಡುತ್ತಿದ್ದವನು, ಬ್ಯಾಂಕ್ ಸಾಲ ಕೇಳಿ ಇಲ್ಲವೆನಿಸಿಕೊಂಡವನು. ತಿಂಗಳುಗಟ್ಟಲೆ ಮೊಬೈಲಿನಲ್ಲಿ ದರೋಡೆಯ ಧಾರಾವಾಹಿ, ಯೂಟ್ಯೂಬ್ ನೋಡಿ ತಯಾರಿ ಮಾಡಿಕೊಂಡನಂತೆ. ಗುರಿ ನಿಗದಿ, ತಂಡ ಕಟ್ಟುವುದು, ಸಂಪನ್ಮೂಲ ಕ್ರೋಡೀಕರಣ, ಆನ್‌ಲೈನ್ ಕಲಿಕೆ: ಮಾಡ್ಯೂಲಿನ ಅಷ್ಟೂ ಅಧ್ಯಾಯ ಅಲ್ಲಿದ್ದವು, ಫೋಟೊ ಒಂದನ್ನು ಬಿಟ್ಟು. ಸಿಸಿಟಿವಿಯ ದಾಖಲೆಯನ್ನೂ ಹೊತ್ತೊಯ್ದಿದ್ದರು. ನಗುವ ವಿಷಯವಲ್ಲ ಇದು. ಆ ಚಿನ್ನ ಮೆಕ್ಕೆಜೋಳ ಬಿತ್ತನೆಗೋ ಮಗಳ ಫೀಸಿಗೋ ಅಡವಿಟ್ಟವರ ತಾಳಿ, ಬೆಂಡೋಲೆ. ನಕ್ಕ ಹುಡುಗರಲ್ಲಿ ಇಬ್ಬರ ಮನೆಯದೂ ಅದರಲ್ಲಿತ್ತು ಎಂದು ಆಮೇಲೆ ಚಹಾ ಕುಡಿಯುವಾಗ ತಿಳಿಯಿತಂತೆ. ವರದಿಯಲ್ಲಿ ನಮ್ಮ ಹುಡುಗ 'ಶಿಬಿರಾರ್ಥಿಗಳು ಉತ್ಸಾಹದಿಂದ ಪಾಲ್ಗೊಂಡರು' ಎಂದು ಬರೆದ.

ಕೊನೆಯದಾಗಿ ಜಗಳೂರು. ಇಲ್ಲಿಗೆ ಬರುವಾಗ ಟೀ ಶರ್ಟಿನ ಬಣ್ಣ ಹೋಗಿತ್ತು, ಫ್ಲೆಕ್ಸಿನ ಎರಡು ಮೂಲೆ ಹರಿದಿದ್ದವು. ಸ್ಲೈಡು ಮಾತ್ರ ಅದೇ. ನಾಲ್ಕು ತಾಲ್ಲೂಕಿಗೂ ಒಂದೇ ಮಾಡ್ಯೂಲು. ತುಂಗಭದ್ರೆ ಊರಿಗೆ ನುಗ್ಗುವ ಹೊನ್ನಾಳಿಯಲ್ಲಿ ತೋರಿಸಿದ 'ನೀರು ಉಳಿಸಿ' ಚಿತ್ರವನ್ನೇ, ಅದೇ ತುಂಗಭದ್ರೆಯಿಂದ 57 ಕೆರೆ ತುಂಬಿಸುತ್ತಾರೆಂದು ವರ್ಷಗಟ್ಟಲೆ ಕಾದ ಜಗಳೂರಿನಲ್ಲೂ ತೋರಿಸಬೇಕು. ಒಬ್ಬ ಅಜ್ಜಿ ನೋಡಿ, "ಉಳಿಸಾಕೆ ಮೊದ್ಲು ಕೊಡ್ರಪ್ಪ" ಎಂದಳು.

ಅಜ್ಜಿ ಯಾಕೆ ಬಂದಿದ್ದಳೆಂದರೆ, ಹುಡುಗರಿರಲಿಲ್ಲ. ಬೇಸಿಗೆಯಲ್ಲಿ ಜಗಳೂರಿನ ಹಳ್ಳಿಯಲ್ಲಿ ಮೂವತ್ತು ಯುವಕರನ್ನು ಒಂದೆಡೆ ಕಾಣುವುದಕ್ಕಿಂತ ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿ ಕಾಣುವುದು ಸುಲಭ. ನಾಲ್ಕು ಕೊಂಬಿನ ಆ ನಾಚಿಕೆಯ ಪ್ರಾಣಿಗೆಂದು 2011ರಲ್ಲಿ ಅಲ್ಲಿ ಅಭಯಾರಣ್ಯ ಮಾಡಿದ್ದಾರೆ. ಯುವಕರಿಗೆ ಇನ್ನೂ ಮಾಡಿಲ್ಲ.

ಮಾಡ್ಯೂಲಿನಲ್ಲಿ ಪಿಆರ್‌ಎ (ಸಹಭಾಗಿತ್ವದ ಗ್ರಾಮ ಸಮೀಕ್ಷೆ) ಎಂದು ಒಂದಿತ್ತು. ಕೃಷಿ ಕಾಲೇಜಿನ ಮಕ್ಕಳು ಮಾಡುವುದನ್ನು ನೀವೂ ನೋಡಿರುತ್ತೀರಿ: ಊರ ನಡುವೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಯುವುದು, ಮನೆಗೆ ಒಂದು ಬಣ್ಣ, ರಸ್ತೆಗೆ ಒಂದು, ಬೋರಿಗೆ ನೀಲಿ. ನಮ್ಮ ಹುಡುಗ ಗುಡಿಯ ಮುಂದೆ ಚೆನ್ನಾಗಿಯೇ ಬರೆದ. ಮುದುಕರು, ಹೆಂಗಸರು, ಮಕ್ಕಳು ಸುತ್ತ ನಿಂತರು. ರಸ್ತೆ ನಕ್ಷೆಯಲ್ಲಿ ನೆಟ್ಟಗಿದೆ ಎಂದು ಒಬ್ಬರು ಮೆಚ್ಚಿದರು. ಆಮೇಲೆ ಅವನು ಒಬ್ಬ ಅಜ್ಜನ ಬೊಗಸೆಗೆ ಹುಣಸೆಬೀಜ ಕೊಟ್ಟು, "ಯಾವ ಯಾವ ಮನೇಲಿ ಎಷ್ಟು ಜನ ಯುವಕರಿದಾರೆ, ಅಷ್ಟು ಬೀಜ ಇಡಿ ಅಜ್ಜ" ಎಂದ.

ಅಜ್ಜ ಕುಕ್ಕರುಗಾಲಲ್ಲಿ ಕೂತು ನಕ್ಷೆಯನ್ನು ತುಂಬ ಹೊತ್ತು ನೋಡಿದ. ಮೂರು ಮನೆಗೆ ಒಂದೊಂದು ಬೀಜ ಇಟ್ಟ. ಆಮೇಲೆ ಎದ್ದು ರಂಗೋಲಿಯ ಗಡಿ ದಾಟಿ, ಮಾರು ದೂರದಲ್ಲಿದ್ದ ಒಂದು ಕಲ್ಲಿನ ಹತ್ತಿರ ಬೊಗಸೆ ಸುರಿದ.

"ಅಲ್ಲಿ ಊರೇ ಇಲ್ಲವಲ್ಲ ಅಜ್ಜ?"

"ಅದು ಬೆಂಗ್ಳೂರು. ಹುಡುಗ್ರು ಅಲ್ಲಿ ಅದಾವೆ."

ನಾಲ್ಕು ಬೀಜ ಉಳಿದಿದ್ದವು. ಅವನ್ನು ಬಲಗಡೆ ಮಲೆನಾಡಿನ ದಿಕ್ಕಿಗೆ ಎಸೆದು, "ಕಾಫಿ ತ್ವಾಟ" ಎಂದು ಕೈ ಕೊಡವಿಕೊಂಡ.

ಸಂಯೋಜಕರಿಗೆ ಫೋಟೊ ಹೋಯಿತು. ನಕ್ಷೆ ಬಹಳ ವರ್ಣರಂಜಿತವಾಗಿದೆ ಎಂದರು. ಕಲ್ಲಿನ ಹತ್ತಿರದ ಬೀಜದ ರಾಶಿ ಚೌಕಟ್ಟಿನ ಆಚೆ ಉಳಿದಿತ್ತು. 'ಯುವಜನರ ಹಾಜರಾತಿ 30' ಎಂಬ ಜಾಗದಲ್ಲಿ ಅವನು ಏನು ಬರೆದ ಎಂದು ನಾನು ಕೇಳಲಿಲ್ಲ. ಕಾರ್ಯಕ್ರಮಗಳಿಗೆ ಯುವಕರು ಇಷ್ಟೊಂದು ಬೇಕಾಗಿದ್ದಾರಲ್ಲ, ಇವರು ಬೇಕಾಗಿರುವ ಇನ್ನೊಂದೇ ಒಂದು ಜಾಗ ಈ ತಾಲ್ಲೂಕಿನಲ್ಲಿ ಇದ್ದಿದ್ದರೆ ಅಜ್ಜನ ಬೊಗಸೆಯಿಂದ ಒಂದೆರಡು ಬೀಜ ರಂಗೋಲಿಯೊಳಗೂ ಬೀಳುತ್ತಿದ್ದವೇನೋ.

ಕೊನೆಯ ಕಾರ್ಯಕ್ರಮದ ದಿನ ಊರಿನಲ್ಲಿ ದೇವರ ಜಾತ್ರೆ. ಗುಳೆ ಹೋದವರು ಎರಡು ದಿನದ ಮಟ್ಟಿಗೆ ಬಂದಿದ್ದರು. ಸಂಘಟನೆಯ ಚಾಣಾಕ್ಷತೆಯಿಂದ ನಮ್ಮ ಹುಡುಗ ತನ್ನ 'ವೃತ್ತಿ ಮಾರ್ಗದರ್ಶನ'ವನ್ನು ಅದೇ ದಿನಕ್ಕೆ ಇಟ್ಟಿದ್ದ. ಮೊದಲ ಬಾರಿಗೆ ಮೂವತ್ತು ಮಂದಿ ಬಂದರು. ಬಯೋಡೇಟಾ ಬರೆಯುವುದು ಹೇಗೆ, ಸಂದರ್ಶನದಲ್ಲಿ ಕೂರುವುದು ಹೇಗೆ, ಕೈ ಕುಲುಕುವುದು ಹೇಗೆ ಎಂದು ಒಂದೂವರೆ ಗಂಟೆ ಹೇಳಿಕೊಟ್ಟ. ಪ್ರಶ್ನೆಗಳಿದ್ದರೆ ಕೇಳಿ ಎಂದ. ಹಿಂದಿನ ಸಾಲಿನಲ್ಲಿ ಬೆಂಗಳೂರಿನ ಕಟ್ಟಡಗಳಲ್ಲಿ ಟೈಲ್ಸ್ ಹಾಕುವ ಹುಡುಗನೊಬ್ಬ ಎದ್ದ.

"ಅಣ್ಣಾ, ಬೇಜಾರ್ ಮಾಡ್ಕೋಬ್ಯಾಡ್ರಿ. ನಿಮಗೆ ಎಷ್ಟು ಕೊಡ್ತಾರೆ?"

ಈ ಸಲ ಕುಡಿಯಲು ನೀರು ಕೇಳುವಂತಿರಲಿಲ್ಲ, ಬಾಟಲಿ ಮುಂದೆಯೇ ಇತ್ತು. ಇದ್ದುದನ್ನು ಹೇಳಿದ. ಮೂವತ್ತು ಮಂದಿಯೂ ಅವನನ್ನು ಮರುಕದಿಂದ ನೋಡಿದರಂತೆ. ಸಭೆ ಮುಗಿದ ಮೇಲೆ ಆ ಟೈಲ್ಸ್ ಹುಡುಗ ಅವನನ್ನು ಜಾತ್ರೆಗೆ ಕರೆದೊಯ್ದು ಮಂಡಕ್ಕಿ ಮಿರ್ಚಿ ಕೊಡಿಸಿದ, ಚಹಾ ಕೊಡಿಸಿದ, ದುಡ್ಡು ಕೊಡಲು ಬಿಡಲಿಲ್ಲ. "ಪರೀಕ್ಷೆ ಮುಗಿದ್ಮ್ಯಾಲೆ ಫೋನ್ ಮಾಡ್ರಿ. ನಮ್ ಮೇಸ್ತ್ರಿ ಹತ್ರ ಲೆಕ್ಕ ಬರೆಯೋರು ಬೇಕು. ಇರೋಕೆ ಜಾಗ ಐತಿ" ಎಂದು ನಂಬರು ಬರೆಸಿದ.

ಜೂನ್ 30ರ ರಾತ್ರಿ ನಮ್ಮ ಊಟದ ಮೇಜಿನ ಮೇಲೆ ಅಂತಿಮ ವರದಿ ತಯಾರಾಯಿತು. ಕೊನೆಯ ಪುಟದಲ್ಲಿ ಒಂದು ಕಾಲಂ, 'ಈ ಕಾರ್ಯಕ್ರಮದಿಂದ ಉದ್ಯೋಗಾವಕಾಶ ಪಡೆದವರ ಸಂಖ್ಯೆ'. ಎರಡು ತಿಂಗಳಿಂದ ಖಾಲಿಯಿದ್ದ ಜಾಗ. ಅವನು ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತು '1' ಎಂದು ಬರೆದು ಕಳಿಸಿದ.

ಸಂಯೋಜಕರ ಉತ್ತರ ಬೆಳಿಗ್ಗೆಯೇ ಬಂತು. ಬಹಳ ಸಂತೋಷವಾಯಿತೆಂದೂ, ಆ ಫಲಾನುಭವಿಯ ಆಧಾರ್ ಪ್ರತಿ, ಎರಡು ಸಾಲಿನ ಯಶೋಗಾಥೆ ಮತ್ತು ಜಿಯೋ ಟ್ಯಾಗ್ ಫೋಟೊವನ್ನು ಸಂಜೆಯೊಳಗೆ ಕಳಿಸಬೇಕೆಂದೂ ಬರೆದಿದ್ದರು. ತಂಗಿಯ ಮಗ ಹಿತ್ತಲಿಗೆ ಬಂದು ನನ್ನ ಕೈಗೆ ಮೊಬೈಲು ಕೊಟ್ಟ.

"ಒಂದು ಫೋಟೊ ತೆಗಿ ಮಾವ. ಲೊಕೇಷನ್ ಮಾತ್ರ ಜಗಳೂರು ಬರೋ ಹಾಗೆ ಏನಾದ್ರೂ ಮಾಡಕ್ಕಾಗುತ್ತಾ?"